ಎರಡು ಗುಂಡಿಯ ಜೇಬು

ನಮ್ಮ ದರ್ಜಿಯವರ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಬಿದ್ದಿತ್ತು. ನಲವತ್ತು ವರ್ಷ ನೂಲು ಕಚ್ಚಿ ಕಚ್ಚಿ ಆದದ್ದು. ಮಾತಾಡುವಾಗ ಆ ಸಂದಿಯಿಂದ ಗಾಳಿ ಸುಯ್ಯೆನ್ನುತ್ತಿತ್ತು. ಅದಕ್ಕೋ ಏನೋ, ಅವರು ಮಾತು ಕಮ್ಮಿ ಆಡುತ್ತಿದ್ದರು.

ಅವರ ಅಂಗಡಿ ಮೂಡಿಗೆರೆಯಲ್ಲಿ. ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮುಂಚೆ, ಕೈಮಿಷನ್ನನ್ನು ಎತ್ತಿನಗಾಡಿಗೆ ಹೇರಿಕೊಂಡು ಬಾಳೂರು ಕಡೆಯ ನಮ್ಮ ಎಸ್ಟೇಟಿಗೆ ಬಂದು ಹದಿನೈದು ದಿನ ಇರುತ್ತಿದ್ದರು. ನಾನು ಅಲ್ಲಿ ರೈಟರ್. ಆಳುಗಳ ಹಾಜರಿ ಹಿಡಿಯುವುದು, ತೋಟದ ಸಾಹುಕಾರರ ಕಾಗದಪತ್ರ ಬರೆಯುವುದು ನನ್ನ ಕೆಲಸ. ಸ್ವಾತಂತ್ರ್ಯ ಬರುವುದಕ್ಕೆ ಹತ್ತು ಹನ್ನೆರಡು ವರ್ಷ ಮುಂಚಿನ ಮಾತು.

ಬಟ್ಟೆ ಯಾರೇ ತರಲಿ, ಅಳತೆಗೆ ಮುಂಚೆ ದರ್ಜಿಯವರು ಒಂದು ಪ್ರಶ್ನೆ ಕೇಳುತ್ತಿದ್ದರು: "ಇದನ್ನ ಹಾಕ್ಕೊಂಡು ಏನ್ ಮಾಡ್ತೀರಿ?" ಕಾಫಿ ಹಣ್ಣು ಕೊಯ್ಯುವ ಹೆಂಗಸಾದರೆ ಕುಪ್ಪಸದ ಕಂಕುಳು ಸಡಿಲ ಬಿಡುವರು. ಹೊರೆ ಹೊರುವವನಾದರೆ ಹೆಗಲಿಗೆ ಇನ್ನೊಂದು ಪದರ. ನನ್ನ ಅಂಗಿಯ ಬಲತೋಳನ್ನು, ಬರೆಯುವಾಗ ಮಸಿ ಹತ್ತದಿರಲೆಂದು, ಒಂದು ಬೆರಳು ಗಿಡ್ಡ ಮಾಡಿದ್ದರು. ಮೊದಲು ರೇಗಿದೆ. ಆಮೇಲೆ ಬೇರೆ ಯಾರು ಹೊಲಿದದ್ದೂ ಹಿಡಿಸಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಆಳುಗಳ ಸಾಲುಮನೆಗಳಿದ್ದ ಕೂಲಿ ಲೈನಿನ ಒಬ್ಬ ಬಾಣಂತಿಗೆ ಜ್ವರ ಬಂತು. ಆಸ್ಪತ್ರೆಗೆ ಒಯ್ಯಲು ಗಾಡಿ ಕೇಳಿದರು. ಸಾಹುಕಾರರು ಕೊಡಲಿಲ್ಲ. ಅವಳು ತೀರಿಕೊಂಡಳು. ಆಳುಗಳು ಎರಡು ದಿನ ಕೆಲಸಕ್ಕೆ ಬರಲಿಲ್ಲ, ಅಷ್ಟೇ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಸಾಹುಕಾರರಿಗೆ ಆ ಎರಡು ದಿನದಲ್ಲಿ ಹೆದರಿಕೆ ಹೊಕ್ಕಿತು. ಪಿಸ್ತೂಲು ಬೇಕು ಎಂದರು.

ನಮ್ಮ ಕಡೆ ಕೋವಿ ಹೊಸದಲ್ಲ. ಹಂದಿ ಕಾಯಲು ಹೋಗುವವನು ಊರೆಲ್ಲ ನೋಡುವ ಹಾಗೆ ಹೆಗಲಿಗೆ ಹಾಕಿಕೊಂಡು ಹೋಗುತ್ತಾನೆ. ಹಂದಿಗೆಂದು ಯಾರೂ ಕೋಟಿನೊಳಗೆ ಬಚ್ಚಿಟ್ಟುಕೊಳ್ಳುವುದಿಲ್ಲ. ಬಚ್ಚಿಟ್ಟುಕೊಳ್ಳುವುದು ಮನುಷ್ಯನಿಗಾಗಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮದರಾಸಿನ ಅಂಗಡಿಯೊಂದರ ಇಂಗ್ಲಿಷ್ ಪಟ್ಟಿಯನ್ನು ಅವರಿಗೆ ಓದಿ ಹೇಳಿದೆ. ಆರು ಗುಂಡಿನದು ಭಾರ, ಕೋಟು ಒಂದು ಕಡೆ ಜೋತುಬೀಳುತ್ತದೆ; ಈ ಚಪ್ಪಟೆಯದು ಅಂಗೈಯಷ್ಟೇ, ಮೇಲೆ ಉಬ್ಬು ಕಾಣದು ಎಂದು ಆರಿಸಿಕೊಟ್ಟವನೂ ನಾನೇ. ಥೂ, ಎಂಥ ಜಾಣ!

ಲೈಸನ್ಸಾಗಿ ಅದು ಬಂದ ಮೇಲೆ ಎಲ್ಲಿಟ್ಟುಕೊಳ್ಳುವುದೆಂಬ ಪಂಚಾಯಿತಿ. ಪಂಚೆಯ ಸೊಂಟಕ್ಕೆ ಸಿಕ್ಕಿಸಿದರೆ ಜಾರಿತು. ಕಂಕುಳಡಿ ತೊಗಲಿನ ಪಟ್ಟಿ ಕಟ್ಟಿದರೆ ಬೆವರಿಗೆ ಚರ್ಮ ಸುಲಿಯಿತು. ಆ ದೊಡ್ಡ ಹೊಟ್ಟೆಯ ಮನುಷ್ಯ ಕನ್ನಡಿ ಮುಂದೆ ಹೊಸ ಮದುಮಗಳ ಹಾಗೆ ತಿರುಗಿ ತಿರುಗಿ, "ಕಾಣ್ತದೇನ್ರೀ ರೈಟ್ರೇ?" ಎಂದು ಕೇಳುತ್ತಿದ್ದರು. "ಕಂಡ್ರೆ ಹೆದರಿದಾನೆ ಅಂತಾರೆ." ನಾನು "ಇಲ್ಲ, ಕಾಣಲ್ಲ" ಎನ್ನುತ್ತಿದ್ದೆ.

ಕೊನೆಗೆ ಕೋಟಿನ ಒಳಜೇಬೇ ಸರಿ ಎಂದಾಯಿತು. ದರ್ಜಿಯವರು ಬಂದಿದ್ದರು. ಪಿಸ್ತೂಲನ್ನು ಮಿಷನ್ನಿನ ಹಲಗೆಯ ಮೇಲೆ ಇಡಲು ಹೋದರೆ, "ಅದು ಬ್ಯಾಡಿ ಇಲ್ಲಿ. ಅಷ್ಟೇ ದೊಡ್ಡ ಸೋಪಿನ ಬಿಲ್ಲೆ ಇದ್ರೆ ಕೊಡಿ, ಅಳತೆಗೆ ಸಾಕು" ಎಂದರು. ಆಮೇಲೆ ಎಂದಿನ ಪ್ರಶ್ನೆ.

ಸಾಹುಕಾರರು ನಕ್ಕರು. "ಏನ್ ಮಾಡೋದು ಮಾರಾಯ? ಪೇಟೆಗೆ ಹೋಗ್ತೀನಿ."

ದರ್ಜಿಯವರು ಜೇಬು ಹೊಲಿದರು. ಮೇಲೊಂದು ಮುಚ್ಚಳ, ಅದಕ್ಕೆ ಎರಡು ಗುಂಡಿ, ಗುಂಡಿ ತೂರಿಸಲು ಬಿಗಿಯಾದ ಕಾಜಾ.

ನಾಲ್ಕು ದಿನ ಕಳೆದು ಬೆಳಗಿನ ಹಾಜರಿಯ ಹೊತ್ತು. ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತಂದು ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ಏನೋ ಹೇಳಲೆಂದು ಮುಂದೆ ಬಂದ. ನಮ್ಮಲ್ಲಿ ಆಳುಗಳು ಸೊಂಟದ ಹಿಂದೆ ಮರದ ಕೊಕ್ಕೆ ಕಟ್ಟಿ ಅದರಲ್ಲಿ ಗಿಡ ಸವರುವ ಕತ್ತಿ ಸಿಕ್ಕಿಸಿಕೊಂಡಿರುತ್ತಾರೆ. ಧಣಿಯ ಹತ್ತಿರ ಮಾತಾಡುವಾಗ ಅದನ್ನು ತೆಗೆದು ನೆಲಕ್ಕಿಡುವುದು ಮರ್ಯಾದೆ. ಸಾಹುಕಾರರು ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಆ ದಿನ ಹಿಂದಿನ ಸಂಜೆಯ ಮಳೆಗೆ ಕೊಕ್ಕೆ ಉಬ್ಬಿ ಕತ್ತಿ ಸಿಕ್ಕಿಕೊಂಡಿತ್ತು. ಮೇಸ್ತ್ರಿ ಹಿಂದಕ್ಕೆ ಕೈ ಹಾಕಿ ಜಗ್ಗಿದ.

ಸಾಹುಕಾರರ ಕೈ ಕೋಟಿನೊಳಗೆ ಹೋಯಿತು. ನಾನು ಪಕ್ಕದಲ್ಲೇ ಇದ್ದೆ. ಒಂದು ಗುಂಡಿ ಬಿಚ್ಚಿತು, ಇನ್ನೊಂದು ಬಿಚ್ಚಲಿಲ್ಲ. ಬೆರಳುಗಳು ಅಲ್ಲೇ ಒದ್ದಾಡಿದವು. ಅಷ್ಟರಲ್ಲಿ ಮೇಸ್ತ್ರಿ ಕತ್ತಿಯನ್ನು ನೆಲಕ್ಕಿಟ್ಟು, ಕೈಮುಗಿದು, "ಲೈನಿನ ಮಾಡು ಸೋರ್ತದೆ ಸಾವ್ಕಾರ್ರೇ" ಎಂದು ತಲೆಯೆತ್ತಿದ. ಆಗ ಎರಡನೆಯ ಗುಂಡಿಯೂ ಬಿಚ್ಚಿ ಪಿಸ್ತೂಲು ಹೊರಗೆ ಬಂದಿತ್ತು. ಎಲ್ಲರೂ ನೋಡಿದರು.

"ನಂಗಾ, ಸಾವ್ಕಾರ್ರೇ?" ಎಂದ ಮೇಸ್ತ್ರಿ. ಇಪ್ಪತ್ತು ವರ್ಷ ಆ ಮನೆಗೆ ದುಡಿದವನು.

ಮಾಡಿನ ಮಾತು ಅಲ್ಲಿಗೇ ನಿಂತಿತು. ಸಾಹುಕಾರರು ಸೀದಾ ಬಂಗಲೆಯ ಜಗಲಿಗೆ ಬಂದು, ಅಲ್ಲಿ ಹೊಲಿಯುತ್ತಾ ಕೂತಿದ್ದ ದರ್ಜಿಯವರ ಮೇಲೆ ಹರಿಹಾಯ್ದರು. "ಯಾವನೋ ನಿಂಗೆ ಗುಂಡಿ ಹಾಕು ಅಂದಿದ್ದು? ನನ್ನ ಜೀವ ಹೋಗಿದ್ರೆ?"

"ಪೇಟೆಗೆ ಹೋಗ್ತೀನಿ ಅಂದ್ರಿ. ಅಲ್ಲಿ ಜೇಬುಗಳ್ಳರು ಜಾಸ್ತಿ, ಪೇಟೆಗೆ ಹೋಗೋರಿಗೆ ಗುಂಡಿ ಬೇಕು."

"ಕೀಳು ಅದನ್ನ."

ದರ್ಜಿಯವರು ಕತ್ತರಿಯನ್ನು ಕೆಳಗಿಟ್ಟರು. "ಹಾಕಿದ್ದು ನಾನು. ನನ್ನ ಕೈಯಲ್ಲಿ ಕೀಳಕ್ಕಾಗಲ್ಲ."

ಸಾಹುಕಾರರು ನನ್ನ ಕಡೆ ತಿರುಗಿದರು. "ರೈಟ್ರೇ, ನೀವು ಕೀಳಿ."

ನಾನು ಕಿತ್ತೆ. ದರ್ಜಿಯವರ ಕತ್ತರಿಯಲ್ಲೇ, ಅವರ ಎದುರಿಗೇ, ಮುಚ್ಚಳವನ್ನೂ ಸೇರಿಸಿ ಕತ್ತರಿಸಿ ತೆಗೆದೆ. ಅವರು ಮಿಷನ್ ಕಟ್ಟಿಕೊಂಡು ಹೊರಟರು. ಅವರನ್ನು ಇನ್ನು ಗೇಟಿನೊಳಗೆ ಬಿಡಕೂಡದೆಂದು ಕಾವಲುಗಾರನಿಗೆ ಅಪ್ಪಣೆಯಾಯಿತು.

ಲೈನಿನಲ್ಲಿ ಗುಂಡಿ ಕಿತ್ತದ್ದು ಯಾರಿಗೂ ಗೊತ್ತಿರಲಿಲ್ಲ. ಆಳುಗಳು ನಗುತ್ತಿದ್ದರು. "ದರ್ಜಿ ಗುಂಡಿ ಇರೋವರೆಗೆ ನಂಗೇನ್ ಭಯ ಮಾರಾಯ" ಎಂದು ಮೇಸ್ತ್ರಿಯೇ ಹೇಳಿಕೊಂಡು ತಿರುಗುತ್ತಿದ್ದ. ದಿನಾ ಬೆಳಿಗ್ಗೆ ಸಾಹುಕಾರರ ಮುಂದೆ ಕತ್ತಿ ತೆಗೆಯಲು ಹಿಂದಕ್ಕೆ ಕೈ ಹಾಕುತ್ತಿದ್ದ. ನಾನು ತಲೆ ಬಗ್ಗಿಸಿ ಹಾಜರಿ ಬರೆಯುತ್ತಿದ್ದೆ.

ಐದನೆಯ ದಿನ ತಡೆಯಲಾಗದೆ ಕೆಲಸ ಬಿಟ್ಟೆ. ಮೂಡಿಗೆರೆಗೆ ಬಂದು ದರ್ಜಿಯವರ ಅಂಗಡಿಯ ಮುಂದೆ ನಿಂತು, ನೌಕರಿಗೆ ಒದ್ದು ಬಂದೆನೆಂದು ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಮಿಷನ್ ನಿಲ್ಲಿಸಿದರು.

"ಅದು ನಿಮ್ಮ ಸಮಾಧಾನಕ್ಕಾಯ್ತು. ಗುಂಡಿ ಕಿತ್ತಿದ್ದು ಮೇಸ್ತ್ರಿಗೆ ಹೇಳಿದ್ರಾ?"

"ಇಲ್ಲ" ಎಂದೆ.

"ನಾನು ಎರಡು ಸಲ ಹೋಗಿದ್ದೆ. ಗೇಟಲ್ಲಿ ನಾಯಿ ಬಿಟ್ರು" ಎಂದು ಪಂಚೆ ಸರಿಸಿ ಮೀನಖಂಡಕ್ಕೆ ಕಟ್ಟಿದ ಬಟ್ಟೆ ತೋರಿಸಿದರು. "ನಿಮ್ಮನ್ನ ಬಿಡ್ತಾರೆ. ಪೆಟ್ಟಿಗೆ ತಗೊಂಡು ಹೋಗಕ್ಕೆ ಬಂದೆ ಅನ್ನಿ. ಈಗ್ಲೇ ಹೋಗಿ."

ಹೋದೆ. ಲೈನಿಗೆ ಹೋಗಿ, ಕಿತ್ತವನು ನಾನೇ ಎಂಬುದನ್ನೂ ಸೇರಿಸಿ ಹೇಳಿದೆ. ಮೇಸ್ತ್ರಿ ಬೈಯಲಿಲ್ಲ. ಮರುದಿನ ಬೆಳಿಗ್ಗೆ ತನ್ನ ಆಳುಗಳನ್ನೆಲ್ಲ ಕರೆದುಕೊಂಡು ಘಟ್ಟ ಇಳಿದುಹೋದನಂತೆ.

ದರ್ಜಿಯವರು ಆ ಮಳೆಗಾಲ ದಾಟಲಿಲ್ಲ. ನಾಯಿ ಕಡಿದ ಗಾಯ ಕೊಳೆತು, ಜ್ವರ ಏರಿ ಹೋದರು. ಗೌರಿ ಹಬ್ಬಕ್ಕೆ ಮೂಡಿಗೆರೆಗೆ ಬಂದಾಗ ಅಂಗಡಿ ಮುಚ್ಚಿದ್ದನ್ನು ನೋಡಿ ಪಕ್ಕದವರನ್ನು ಕೇಳಿ ತಿಳಿದುಕೊಂಡೆ. ಆ ಸಾಹುಕಾರನನ್ನು ನೆನೆದರೆ ಇವತ್ತಿಗೂ ಉಗಿಯಬೇಕೆನಿಸುತ್ತದೆ. ಆದರೆ ಅವನಿಗಿಂತ ಹೇಸಿಗೆಯಾಗುವುದು ಅಂಗಡಿಯ ಮುಂದೆ ಹೆಮ್ಮೆಯಿಂದ ನಿಂತಿದ್ದ ಆ ರೈಟರನ್ನು ಕಂಡರೆ. ದರ್ಜಿಯವರು ಆ ಒಂದು ಮಾತು ಕೇಳದೆ ಹೋಗಿದ್ದರೆ, ಮೇಸ್ತ್ರಿ ಸತ್ತ ಸುದ್ದಿ ಎಲ್ಲೋ ಕೇಳಿ, ಸದ್ಯ, ನಾನು ಮುಂಚೆಯೇ ಬಿಟ್ಟು ಬಂದೆನಲ್ಲ ಎಂದುಕೊಂಡು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ.