ತಂಗಿಯ ಕಂಪ್ಯೂಟರಿಗೆ ಜಡಿದ ಬೀಗ

ಹಳೇ ಕಂಪ್ಯೂಟರಿನೊಳಗಿನ ಧೂಳು ಬಿಸಿಯಾದಾಗ ಒಂದು ವಾಸನೆ ಬರುತ್ತದಲ್ಲ, ನಿಮಗೂ ಗೊತ್ತಿರುತ್ತದೆ. ನಿನ್ನೆ ಗುಂಡ್ಲುಪೇಟೆಯ ನಮ್ಮ ಕಚೇರಿಯಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿಯಿತು. ಹೋದ ವರ್ಷದ ಸಿಟ್ಟು. ಆರಿದೆ ಅಂದುಕೊಂಡಿದ್ದೆ.

ನನ್ನ ತಂಗಿ ಮಂಗಳ ಚಂದಕವಾಡಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಹೊಲಿದದ್ದನ್ನು ಹೆಂಗಸರಿಗೆ ತೊಡಿಸಿ, ಹಿಂದೆ ಮುಂದೆ ಫೋಟೊ ತೆಗೆದು, ನಾನು ಕೊಟ್ಟಿದ್ದ ಹಳೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮುಂದೆ ಬರುವವರಿಗೆ ಮಾದರಿ ತೋರಿಸಲು. ಅದು ಕೆಟ್ಟಾಗ ಚಾಮರಾಜನಗರದ ಒಂದು ರಿಪೇರಿ ಅಂಗಡಿಗೆ ಕೊಟ್ಟಳು. ಸ್ವಲ್ಪ ದಿನದಲ್ಲೇ ಆ ಫೋಟೊಗಳು ಊರ ಗಂಡಸರ ಮೊಬೈಲುಗಳಲ್ಲಿದ್ದವು.

ಹೆಂಗಸರು ಜಗಳಕ್ಕೆ ಬಂದದ್ದು ತಂಗಿಯ ಬಾಗಿಲಿಗೆ. ಪಕ್ಕದ ಬೀದಿಯ ಮಾದಮ್ಮ ಅರ್ಧ ಹೊಲಿದ ಬಟ್ಟೆಯನ್ನು ಮಿಷನ್ನಿನಿಂದ ಕಿತ್ತುಕೊಂಡು, "ನಂಬಿ ಬಂದ್ರೆ ಇಂಗ್ ಮಾಡ್ಬುಟ್ಟಲ್ಲಮ್ಮಿ" ಅಂದು ಹೋದರಂತೆ. ನ್ಯಾಯ ಹೇಳಬೇಕಾದ ಊರ ಯಜಮಾನರೋ, "ಅಂತಾ ಪಟ ಯಾಕ್ ತಗೀಬೇಕಿತ್ತು?" ಅಂದು ಮಾತು ಮುಗಿಸಿದರು.

ನಾನೂ ತಂಗಿಯೂ ಆ ರಿಪೇರಿ ಅಂಗಡಿಗೆ ಹೋದೆವು. "ಪಾಸ್‌ವರ್ಡ್ ಆಕಿತ್ತು. ನೀನೆಂಗ್ ನೋಡ್ದೆ?" ಅಂದೆ.

ಅಂಗಡಿಯವನು ನಕ್ಕ. "ಪಾಸ್‌ವರ್ಡ್ ಏನ್ ಮಾಡ್ತದೆ ಕಣಕ್ಕ? ಡಿಸ್ಕ್ ಬಿಚ್ಚಿ ಬ್ಯಾರೆ ಕಂಪ್ಯೂಟರ್‌ಗೆ ಆಕುದ್ರೆ ಎಲ್ಲಾ ಕಾಣ್ತದೆ. ಯಾರ್ ಕಳ್ಸುದ್ರೋ ನಂಗೇನ್ ಗೊತ್ತು?"

ಆ ನಗು ನನ್ನನ್ನು ವಿದ್ಯಾರ್ಥಿಯಾಗಿಸಿತು. ಡಿಸ್ಕ್ ಬಿಚ್ಚಿದರೂ ಯಾರಿಗೂ ಓದಲಾಗದಂತೆ ಬೀಗ ಹಾಕುವ ಲಿನಕ್ಸ್ ಎಂಬ ತಂತ್ರಾಂಶ ಇದೆಯೆಂದು ಓದಿ ತಿಳಿದೆ. ಸಿಟ್ಟಿನಲ್ಲಿ ತಂಗಿಯ ಕಂಪ್ಯೂಟರಿನ ಇಡೀ ಡಿಸ್ಕ್ ಅಳಿಸಿ, ಲಿನಕ್ಸ್ ಹಾಕಿ, ಗತ್ತಿನಿಂದ ಸ್ವಿಚ್ ಒತ್ತಿದರೆ ಬೂಟ್ ಮಾಡಲು, ಅಂದರೆ ಶುರುವಾಗಲು, ಡಿಸ್ಕೇ ಇಲ್ಲ ಎಂದಿತು! ನಾನು ಹಾಕಿದ್ದು ಈಗಿನ ಕಂಪ್ಯೂಟರುಗಳ ಪದ್ಧತಿಯಲ್ಲಿ. ಈ ಮುದಿ ಕಂಪ್ಯೂಟರಿಗೆ ಗೊತ್ತಿದ್ದದ್ದು ಲೆಗಸಿ ಬೂಟ್ ಅನ್ನುವ ಹಳೇ ಪದ್ಧತಿ ಒಂದೇ. ಮೇಜಿಗೆ ಗುದ್ದಿದೆ. ಕೈ ಊದಿಕೊಂಡಿತು, ಕಂಪ್ಯೂಟರಿಗೇನೂ ಆಗಲಿಲ್ಲ. ಮತ್ತೆ ಡಿಸ್ಕನ್ನು ಹಳೇ ಕ್ರಮದಲ್ಲಿ ಭಾಗ ಮಾಡಿ, ಬೂಟ್ ಆಗಲು ಬೇಕಾದ ಚಿಕ್ಕ ತುಂಡನ್ನು ಮಾತ್ರ ತೆರೆದಿಟ್ಟು, ಉಳಿದದ್ದಕ್ಕೆ ಬೀಗ ಹಾಕಲು ಕೂತೆ.

ಬೀಗ ತೆರೆಯುವ ಗುಟ್ಟಿನ ಮಾತು ಇಡುವಾಗ ತಂಗಿಯನ್ನು ಕೂರಿಸಿದೆ. "ನಂಗೂ ಹೇಳಿರು. ಮರ್ತ್ರೆ ದೇವ್ರೂ ತೆಗೆಯಕಾಗಲ್ಲ."

"ಅತ್ಲಾಗ್ ತಿರಿಕ್ಕಳಕ್ಕ. ನಿಂಗೂ ಯೋಳಕಿಲ್ಲ."

ಕಷ್ಟಪಟ್ಟವಳು ನಾನು! ರೇಗಿತು. ಆದರೂ ಗೋಡೆಯತ್ತ ತಿರುಗಿದೆ. ಅವಳು ಒಂದೊಂದೇ ಅಕ್ಷರ ಜೋರಾಗಿ ಕುಟ್ಟುವುದು ಕೇಳುತ್ತಿತ್ತು. ಮತ್ತೆ ಆನ್ ಮಾಡಿದಾಗ ಕಪ್ಪು ಪರದೆ ಎದ್ದು ಆ ಮಾತನ್ನೇ ಕೇಳಿತು. ಅವಳು ಕೊಟ್ಟಳು, ತೆರೆಯಿತು.

ಆದರೆ ಹೊರಗೆ ಹೋದ ಫೋಟೊಗಳಿಗೆ ಯಾವ ಬೀಗವೂ ಇಲ್ಲ. ಕೆಲವು ಹೆಂಗಸರು ಮತ್ತೆ ಬಂದರು. ಮಾದಮ್ಮ ಇವತ್ತಿಗೂ ಬಂದಿಲ್ಲ, ಅವರದು ತಪ್ಪೆನ್ನಲಾರೆ. ಮರ್ಯಾದೆ ಹೋದದ್ದು ಹೆಂಗಸರದು; ಆ ರಿಪೇರಿಯವನ ಅಂಗಡಿ ಮಾತ್ರ ದಿನಾ ತೆರೆಯುತ್ತದೆ.

ನಿನ್ನೆ ಕಚೇರಿಯ ಆ ಬಿಸಿಯಾದ ಕಂಪ್ಯೂಟರನ್ನು ಒಯ್ಯಲು ಇಲ್ಲಿಯದೇ ಒಬ್ಬ ರಿಪೇರಿಯವನು ಬಂದ. ಹೊಸಬ, ಒಳ್ಳೆಯವನೇ ಇರಬಹುದು. "ಫ್ಯಾನ್ ಹೋಗ್ಬುಟ್ಟದೆ ಮೇಡಂ. ಪಾಸ್‌ವರ್ಡ್ ಯೋಳ್ಬುಡಿ" ಅಂದ. ನಾನು ಎದ್ದು ಸ್ಕ್ರೂ ಬಿಚ್ಚಿ, ಡಿಸ್ಕ್ ತೆಗೆದು ಡ್ರಾಯರಿನಲ್ಲಿಟ್ಟು, ಖಾಲಿ ಡಬ್ಬ ಅವನ ಕೈಗೆ ಕೊಟ್ಟೆ.

"ಡಿಸ್ಕ್ ಇಲ್ದೆ ಏನ್ ನೋಡ್ಲಿ ಮೇಡಂ?"

"ನೋಡದ್ ಬ್ಯಾಡ ಕಣಪ್ಪ. ರಿಪೇರಿ ಮಾಡು."