ಮಂಗಳವಾರ ಮಂಜುಳಾ ಸ್ಟುಡಿಯೋಗೆ ಹೋದದ್ದು

ಆಗ ನಮ್ಮ ಕಡೆಯವರಿಗೆ ಭಾನುವಾರವೆಂದರೆ ಏನೂ ಅಲ್ಲ. ರಜೆ ಎಂದರೆ ಮಂಗಳವಾರ. ಪೀಣ್ಯದ ನಮ್ಮ ಭಾಗದ ಫ್ಯಾಕ್ಟರಿ ಶೆಡ್ಡುಗಳಿಗೆ ಅಂದು ಕರೆಂಟು ತೆಗೆಯುತ್ತಿದ್ದರು. ಮಷೀನೇ ನಿಂತ ಮೇಲೆ ಜನ ಬಂದು ಮಾಡುವುದೇನು ಎಂದು ವಾರದ ರಜೆಯನ್ನೂ ಅಂದೇ ಕೊಟ್ಟುಬಿಡುತ್ತಿದ್ದರು. ಶಾಲೆಗೆ ಭಾನುವಾರ ರಜೆ, ಅಪ್ಪಂದಿರಿಗೆ ಮಂಗಳವಾರ ರಜೆ. ಹಾಗಾಗಿ ಮಂಗಳವಾರ ನಮ್ಮ ತರಗತಿಯಲ್ಲಿ ಅರ್ಧ ಬೆಂಚು ಖಾಲಿ ಇರುತ್ತಿತ್ತು, ಟೀಚರೂ ಕೇಳುವುದನ್ನು ಬಿಟ್ಟಿದ್ದರು.

ಚಿಕ್ಕಬಾಣಾವರದ ರೈಲು ಹಳಿಯಿಂದ ಸ್ವಲ್ಪ ಈಚೆಗೆ ನಮ್ಮ ಮನೆ. ಹಿಂದೆ ಅಜ್ಜ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಎಂಟು ಮನೆಗಳ ವಠಾರ ಕಟ್ಟಿಸಿದ್ದರು. ಎಂಟರಲ್ಲೂ ಪೀಣ್ಯಕ್ಕೆ ಹೋಗುವವರೇ. ಮಂಗಳವಾರ ಬೆಳಿಗ್ಗೆ ಅಂಗಳದ ತುಂಬ ಹರಳೆಣ್ಣೆ ಹಚ್ಚಿಕೊಂಡು ಲುಂಗಿ ಎತ್ತಿ ಕಟ್ಟಿ ಕುಳಿತ ಅಪ್ಪಂದಿರು, ನೀರೊಲೆಯ ಹೊಗೆ, ಹನ್ನೊಂದರ ಹೊತ್ತಿಗೆ ಎಲ್ಲ ಮನೆಗಳಿಂದಲೂ ಮಸಾಲೆ ಅರೆದ ವಾಸನೆ. ನಮ್ಮಪ್ಪ ಮಾತ್ರ ಇರುತ್ತಿರಲಿಲ್ಲ. ಊರಿನ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲ. ಬೆಳಗಾದರೆ ಅವರು ಯಾರ ಜೊತೆಗೋ ಯಾವುದೋ ಜಮೀನು ನೋಡಲು ಹೊರಟುಬಿಡುತ್ತಿದ್ದರು. ಅವರಿಗೆ ಭಾನುವಾರವೂ ಇಲ್ಲ, ಮಂಗಳವಾರವೂ ಇಲ್ಲ.

ನಾನು ಓನರ್ ಮಗಳು. ನನಗೆ ಸೈಕಲ್ ಇತ್ತು, ಮನೆಯಲ್ಲಿ ಕಲರ್ ಟಿವಿ ಇತ್ತು, ಹಬ್ಬಕ್ಕೆ ಎರಡು ಜೊತೆ ಬಟ್ಟೆ. ಮೂರನೇ ಮನೆಯ ಮಂಜುಳಾಗೆ ಇದಾವುದೂ ಇರಲಿಲ್ಲ. ಆದರೂ ಹೊಟ್ಟೆಕಿಚ್ಚು ಪಡುತ್ತಿದ್ದವಳು ನಾನು. ಸುಳ್ಳೇಕೆ ಹೇಳಲಿ, ಅವಳ ಅಪ್ಪನನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಅವಳ ಅಪ್ಪ ರಂಗಸ್ವಾಮಿ ಅಂಕಲ್ ಕಬ್ಬಿಣ ಕಡೆಯುವ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಸಂಜೆ ಬಂದರೆ ಅವರ ಅಂಗಿಯಲ್ಲಿ ಮಷೀನಿಗೆ ಹೊಯ್ಯುವ ಎಣ್ಣೆಯ ವಾಸನೆ, ಜೇಬಿನಲ್ಲಿ ಕಬ್ಬಿಣ ತುರಿದಾಗ ಬರುವ ನೀಲಿ ಸುರುಳಿಗಳು. ಅವುಗಳ ತುದಿಯನ್ನು ಉಜ್ಜಿ ಮೊಂಡು ಮಾಡಿಯೇ ಮಗಳ ಕೈಗೆ ಕೊಡುತ್ತಿದ್ದರು. ಮಂಜು ಅವನ್ನು ಬಳೆ ಮಾಡಿ ಹಾಕಿಕೊಂಡರೆ ನನ್ನ ಬಂಗಾರದ ಬಳೆ ನನಗೇ ಸಪ್ಪೆಯಾಗಿ ಕಾಣುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅವರೆಕಾಯಿ ಕಾಲದಲ್ಲಿ, ಅವರ ಫ್ಯಾಕ್ಟರಿ ಗೇಟಿನಲ್ಲಿ ಯಾರೋ ಬಣ್ಣದ ಚೀಟಿಗಳನ್ನು ಹಂಚಿದರು. ಊರಿನ ಆ ತುದಿಯಲ್ಲಿ, ಮೂರು ಬಸ್ಸು ಬದಲಾಯಿಸಿ ಹೋಗಬೇಕಾದಷ್ಟು ದೂರದಲ್ಲಿ, ಒಂದು ಸಿನಿಮಾ ಸ್ಟುಡಿಯೋ. ಟಿಕೆಟ್ ತೆಗೆದುಕೊಂಡರೆ ಸಿನಿಮಾ ಹೇಗೆ ತೆಗೆಯುತ್ತಾರೆಂದು ತೋರಿಸುತ್ತಾರಂತೆ. ಚೀಟಿಯಲ್ಲಿ ಅರಮನೆಯ ಚಿತ್ರ, ಮಳೆ ಸುರಿಸುವ ಯಂತ್ರದ ಚಿತ್ರ, ಮೇಕಪ್ ಮಾಡಿಸಿಕೊಳ್ಳುತ್ತಿದ್ದ ರಾಕ್ಷಸನ ಚಿತ್ರ.

"ಮುಂದಿನ ತಿಂಗ್ಳು ಒಂದ್ ಮಂಗಳವಾರ ಹೋಗೋದೇ" ಎಂದರು ಅಂಕಲ್.

ಅಂದಿನಿಂದ ಸಂಜೆ ಅಂಗಳದಲ್ಲಿ ಅವರೆಕಾಳು ಹಿತುಕಲು ಕೂತರೆ ಬೇರೆ ಮಾತೇ ಇಲ್ಲ. ಬೆರಳ ತುದಿಯಲ್ಲಿ ಕಾಳು ಪುಳಕ್ಕನೆ ಸಿಪ್ಪೆಯಿಂದ ಹಾರುವಾಗ ಮಂಜು ಅರಮನೆ ಹತ್ತುತ್ತಿದ್ದಳು, ಮಳೆಯಲ್ಲಿ ನೆನೆಯುತ್ತಿದ್ದಳು. ನಮ್ಮ ಆಟವೂ ಬದಲಾಯಿತು. ಕುಂಟೆಬಿಲ್ಲೆ ಹೋಗಿ ಶೂಟಿಂಗ್ ಆಟ ಬಂತು. ಬೆಂಕಿಪೊಟ್ಟಣ ಕಣ್ಣಿಗೆ ಹಿಡಿದು "ಕಟ್" ಎನ್ನುವವಳು ಮಂಜು. ಜಾಗ ನಮ್ಮದು, ಅಂಗಳ ನಮ್ಮದು, ಆದರೆ ನಾನು ಅಳಬೇಕಾದದ್ದು ಅವಳು ಹೇಳಿದಾಗ.

ಒಂದು ಸಂಜೆ ಅಂಕಲ್ ಫ್ಯಾಕ್ಟರಿಯ ಹಳೆಯ ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ಪ್ರವಾಸದ ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದರು. ಕೆಲಸದ ಒಂದೊಂದು ಹಂತಕ್ಕೂ ಅವರ ಫ್ಯಾಕ್ಟರಿಯಲ್ಲಿ ಆಪರೇಷನ್ ಎಂದು ಹೆಸರು. ಆಪರೇಷನ್ ಹತ್ತು: ಬೆಳಿಗ್ಗೆ ಏಳುವುದು, ಚಿತ್ರಾನ್ನ ಕಟ್ಟುವುದು. ಆಪರೇಷನ್ ಇಪ್ಪತ್ತು: ಮೊದಲ ಬಸ್ಸು. ಮೂವತ್ತು: ಮೆಜೆಸ್ಟಿಕ್‌ನಲ್ಲಿ ಕಾಫಿ. ಹೀಗೇ ಅರಮನೆ, ಮಳೆ, ರಾಕ್ಷಸ ಎಲ್ಲವೂ ದುಂಡಗಿನ ಅಕ್ಷರದಲ್ಲಿ.

"ಒಂದು, ಎರಡು ಅಂತ ಯಾಕೆ ಬರೀಲಿಲ್ಲ ಅಂಕಲ್? ಹತ್ತತ್ತು ಯಾಕೆ?" ಎಂದೆ, ತಪ್ಪು ಹುಡುಕುವ ದನಿಯಲ್ಲೇ.

"ನಮ್ ಫ್ಯಾಕ್ಟ್ರೀಲಿ ಎಲ್ಲಾ ಜಾಬ್‌ಗೂ ಹಿಂಗೇ ಬರಿಯೋದು ಪುಟ್ಟಿ. ಏನಾದ್ರೂ ಬಿಟ್ಟೋಗಿದ್ರೆ ಆಮೇಲೆ ಸೇರ್ಸಕ್ಕೆ ಜಾಗ ಬೇಕಲ್ಲ? ಒಂದು ಎರಡರ ಮಧ್ಯ ಏನ್ ತುರುಕ್ತೀಯ? ಹತ್ತು ಇಪ್ಪತ್ತರ ಮಧ್ಯ ಆದ್ರೆ ಹದಿನೈದು ಅಂತ ಹಾಕ್ಬೋದು."

ನಮ್ಮಪ್ಪನಿಗೂ ಆ ಚೀಟಿ ತೋರಿಸಿದ್ದೆ. "ಹೋಗಣ ಬಿಡು" ಎಂದಿದ್ದರು, ಚೀಟಿಯ ಹಿಂದೆ ಯಾರದೋ ಫೋನ್ ನಂಬರ್ ಬರೆದುಕೊಂಡು ಜೇಬಿಗೆ ಹಾಕಿಕೊಂಡಿದ್ದರು.

ಮಂಜು ಮನೆಯವರು ಹೊರಡುವ ಮಂಗಳವಾರ ಹತ್ತಿರ ಬಂತು. ಮುಂಚಿನ ಶನಿವಾರ ಚಿಕ್ಕಪ್ಪ ಊಟಕ್ಕೆ ಬಂದಿದ್ದ. ಅವನದು ಟೆಂಪೋ. ಆ ಸ್ಟುಡಿಯೋಗೇ ಪ್ಲೈವುಡ್ಡು, ಸರ್ವೆ ಮರದ ಗಳ ಸಾಗಿಸುವ ಬಾಡಿಗೆ ಅವನಿಗೆ ಆಗಾಗ ಸಿಗುತ್ತಿತ್ತು. ಮುದ್ದೆ ಮುರಿಯುತ್ತ ಅಮ್ಮನಿಗೆ ಹೇಳಿದ: "ಮಂಗಳವಾರ ನಾನು ಮನೇಲೇ ಇರ್ತೀನಿ ಅತ್ತಿಗೆ. ಸ್ಟುಡಿಯೋ ಅವತ್ತು ತೆಗಿಯಾಕಿಲ್ಲ. ಬ್ಯಾರೆ ದಿನ ಜನವೋ ಜನ, ಅದ್ಕೇ ಅವತ್ತು ಗೇಟ್ ಆಕ್ಕಂಡು ರಿಪೇರಿ ಮಾಡ್ಕಂತಾರೆ."

ಅಮ್ಮ ಸಾರು ಬಡಿಸುವ ಗಡಿಬಿಡಿಯಲ್ಲಿದ್ದರು, ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ.

ರಂಗಸ್ವಾಮಿ ಅಂಕಲ್ ದಡ್ಡರಲ್ಲ. ಆದರೆ ಹದಿನೈದು ವರ್ಷ ಮಂಗಳವಾರವನ್ನೇ ರಜೆ ಎಂದು ಬಾಳಿದವರು. ರಜೆಯ ದಿನ ತಾನೇ ಇಂಥ ಜಾಗಗಳಿಗೆ ಜನ ಹೋಗುವುದು, ರಜೆಯ ದಿನ ಯಾರಾದರೂ ಬಾಗಿಲು ಹಾಕುತ್ತಾರೆಯೇ? ಅವರಿಗಷ್ಟೇ ಅಲ್ಲ, ಇಡೀ ವಠಾರದಲ್ಲಿ ಯಾರಿಗೂ ಆ ಅನುಮಾನ ಬರಲಿಲ್ಲ.

ಅವರ ಬಾಗಿಲು ನಮ್ಮ ಬಾಗಿಲಿಂದ ಹನ್ನೆರಡು ಹೆಜ್ಜೆ. ಹೋಗಿ ಹೇಳಬಹುದಿತ್ತು. ನಾನು ಕೈತೊಳೆದು ಬಂದು ಟಿವಿ ಮುಂದೆ ಕೂತೆ. ಮೂರು ಬಸ್ಸು ಹತ್ತಿ ಇಳಿದು ಮುಚ್ಚಿದ ಗೇಟಿನ ಮುಂದೆ ಮಂಜು ಹೇಗೆ ನಿಲ್ಲುತ್ತಾಳೆಂದು ಯೋಚಿಸಿದೆ. ನನಗೆ ಖುಷಿಯಾಯಿತು. ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಸೋಮವಾರ ಸಂಜೆ ಅಂಕಲ್ ನಮ್ಮ ಮನೆಗೆ ಬಂದರು. ಹಿಂದೆ ಮಂಜು, ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು. ಅಂಕಲ್ ಕೈಯಲ್ಲಿ ಬಾಗಿಲಿನಿಂದ ಬಿಡಿಸಿಕೊಂಡು ಬಂದ ಹಾಳೆ.

"ಅಕ್ಕ, ನಾಳೆ ನಿಮ್ ರೇಖಾನೂ ನಮ್ ಜೊತೆ ಕಳ್ಸಿ. ನಮ್ ಮಂಜು ಒಂದೇ ಸಮ ಹಠ ಹಿಡ್ದು ಕೂತಿದಾಳೆ, ಅವ್ಳಿಲ್ದೆ ನಾನ್ ಹೋಗಲ್ಲ ಅಂತ."

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಹೋಗ್ಬಾರೇ. ಒಂದಿನ ಸ್ಕೂಲಿಗೆ ಹೋಗ್ದಿದ್ರೆ ಏನೂ ಮುಳುಗೋಗಲ್ಲ" ಎಂದರು.

ಅಂಕಲ್ ಹಾಳೆಯನ್ನು ನನ್ನ ಮುಂದೆ ಹಿಡಿದರು. ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ, ಕೆಂಪು ಇಂಕಿನಲ್ಲಿ, ಆಪರೇಷನ್ ಹದಿನೈದು: ರೇಖಾಳನ್ನು ಮನೆಯಿಂದ ಕರೆದುಕೊಳ್ಳುವುದು.

ನನ್ನ ಹೆಸರನ್ನು ಅಷ್ಟು ಚೆಂದವಾಗಿ ಅದುವರೆಗೆ ಯಾರೂ ಬರೆದಿರಲಿಲ್ಲ. ನಾನು ಹಾಳೆ ನೋಡಿದೆ, ಮಂಜುವನ್ನು ನೋಡಿದೆ. ಆಗಲಾದರೂ ಹೇಳಬಹುದಿತ್ತು. ನಾಳೆ ಸ್ಟುಡಿಯೋಗೆ ರಜಾ ಅಂಕಲ್, ಬೇರೆ ದಿನ ಹೋಗೋಣ. ಇಷ್ಟೇ ಮಾತು. ಆದರೆ ಯಾವಾಗ ಗೊತ್ತಾಯ್ತು, ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ನನ್ನ ಬಾಯಿಂದ ಬಂದದ್ದು ಇದು: "ನಾನ್ ಬರಲ್ಲ. ನಂಗೆ ಸ್ಟುಡಿಯೋ ಗೀಡಿಯೋ ಇಷ್ಟ ಇಲ್ಲ."

ಮಂಜುವಿನ ನಗು ಹಾಗೇ ನಿಂತಿತು. "ಏನೇ ಇದು, ಕೊಬ್ಬು!" ಎಂದು ಅಮ್ಮ ಗದರಿದರು. ಅಂಕಲ್ ಮಾತ್ರ ಹಾಳೆ ಮಡಚಿಕೊಂಡು, "ಇರ್ಲಿ ಬಿಡಿ ಅಕ್ಕ, ಇನ್ನೊಂದ್ ಸಲ" ಎಂದು ಹೊರಟರು. ಹದಿನೈದನ್ನು ಅವರು ಹೊಡೆದುಹಾಕಲಿಲ್ಲ.

ಮರುದಿನ ಬೆಳಿಗ್ಗೆ ಟೆರೇಸಿನಿಂದ ನೋಡಿದೆ. ಮಂಜುವಿನ ಅಮ್ಮ, ನಮ್ಮ ಆಂಟಿ, ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಮಂಜು ತಲೆಗೆ ಎರಡು ಜಡೆ, ಕನಕಾಂಬರ. ಚಿತ್ರಾನ್ನದ ಒಗ್ಗರಣೆ ವಾಸನೆ ಇನ್ನೂ ಅಂಗಳದಲ್ಲೇ ಇತ್ತು. ಮಂಜು ಒಮ್ಮೆ ತಿರುಗಿ ಮೇಲೆ ನೋಡಿದಳು, ನಾನು ನೀರಿನ ಟ್ಯಾಂಕಿನ ಹಿಂದೆ ಕೂತುಬಿಟ್ಟೆ.

ಅಂದು ಶಾಲೆಯಲ್ಲಿ ಒಂದಕ್ಷರ ತಲೆಗೆ ಹೋಗಲಿಲ್ಲ. ಸಂಜೆ ನಾಲ್ಕಕ್ಕೆ ಬಂದಾಗ ಅಂಗಳದಲ್ಲಿ ಎಲ್ಲರೂ ಕೂತಿದ್ದರು. ಸ್ಟುಡಿಯೋಗೆ ಹೋದವರು ಆಗಲೇ ವಾಪಸ್ ಬಂದಿದ್ದರು. ಮಂಜುವಿನ ಅತ್ತ ಕಣ್ಣನ್ನು ನೋಡಲು ನಾನು ಸಿದ್ಧಳಾಗಿದ್ದೆ. ಅವಳು ಕೈಯಾಡಿಸುತ್ತ ಕಥೆ ಹೇಳುತ್ತಿದ್ದಳು.

"ಗೇಟ್ ಹಾಕಿತ್ತು ಕಣೇ ರೇಖಾ! ಅಮ್ಮ ಅಳಕ್ಕೇ ಶುರು ಮಾಡ್ಬಿಟ್ರು. ಅಪ್ಪ ಏನ್ ಮಾಡಿದ್ರು ಗೊತ್ತಾ? ಬಂದಿದ್ದೀವಿ, ಒಂದ್ ಸುತ್ತು ಹೊಡೆಯೋಣ ಅಂತ ಕಾಂಪೌಂಡ್ ಸುತ್ತ ಕರ್ಕೊಂಡ್ ಹೋದ್ರು. ಹಿಂದುಗಡೆ ಬರೀ ತಂತಿ ಬೇಲಿ. ಅರಮನೆ ಬೆನ್ನು ಕಾಣ್ಸುತ್ತೆ! ಬರೀ ಪ್ಲೈವುಡ್ಡು, ಸರ್ವೆ ಗಳ, ಗೋಣಿಚೀಲ. ಒಳಗಡೆ ಏನೂ ಇಲ್ವೇ ಇಲ್ಲ! ಅಪ್ಪ ಯಾವ ಗಳ ಯಾವ್ದನ್ನ ಹಿಡ್ಕೊಂಡಿದೆ ಅಂತ ಎಲ್ಲಾ ಹೇಳ್ಕೊಟ್ರು. ಅಲ್ಲೇ ಕೂತು ಚಿತ್ರಾನ್ನ ತಿಂದ್ವಿ. ಬಣ್ಣ ಹೊಡೀತಿದ್ದ ಅಣ್ಣ ಒಬ್ರು ನಮ್ ಹತ್ರ ಚಿತ್ರಾನ್ನ ಇಸ್ಕೊಂಡು ಇದು ಕೊಟ್ರು."

ಅವಳ ಮಡಿಲಲ್ಲಿ ಒಂದು ಕಲ್ಲು. ಕೋಟೆಗೋಡೆಯ ಕಲ್ಲಿನಂತೆ ಬೂದು ಬಣ್ಣ, ಹಾವಸೆ, ಬಿರುಕು ಎಲ್ಲ ಇತ್ತು. ಎತ್ತಿದರೆ ಹತ್ತಿಯಷ್ಟು ಹಗುರ, ಥರ್ಮಾಕೋಲು.

ಮುಚ್ಚಿದ ಗೇಟಿನ ಹೊರಗೆ ನಿಂತು ಬಂದವಳ ಮೇಲೂ ನನಗೆ ಹೊಟ್ಟೆಕಿಚ್ಚು ಬಂತು. ಇವರಿಗೆ ಏನನ್ನು ಕಿತ್ತುಕೊಂಡರೂ ಕಡಿಮೆಯಾಗುವುದಿಲ್ಲವಲ್ಲ ಎನಿಸಿತು.

"ತಗೋ" ಎಂದಳು ಮಂಜು. "ನಿಂಗೇ ತಂದಿದ್ದು. ನೀನು ಬರ್ಲಿಲ್ವಲ್ಲ."

ನಾನು ಕೈ ಚಾಚುವಷ್ಟರಲ್ಲಿ, ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ಚಿಕ್ಕಪ್ಪ ಜೋರಾಗಿ ಹೇಳಿದ: "ಅಲ್ಲಾ ರಂಗಸ್ವಾಮಣ್ಣ, ಮಂಗಳವಾರ ಗೇಟ್ ಆಕಿರ್ತಾರೆ ಅಂತ ನಾನು ಮೊನ್ನೆ ಉಣ್ಣುವಾಗ ಏಳ್ದೆ. ಈ ರೇಖಾ ಪಕ್ಕದಾಗೇ ಕುಂತಿದ್ಲು. ಏಳ್ಲಿಲ್ವಾ ನಿಮ್ಗೆ?"

ಅವರೆಕಾಳು ಹಿತುಕುತ್ತಿದ್ದ ಕೈಗಳೆಲ್ಲ ನಿಂತವು. ಆಂಟಿ ನನ್ನ ಮುಖ ನೋಡಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ನನ್ನ ಮುಖವೇ ಎಲ್ಲ ಹೇಳಿರಬೇಕು. ರಂಗಸ್ವಾಮಿ ಅಂಕಲ್ ಒಬ್ಬರೇ ನಗಲು ನೋಡಿದರು. "ಮಕ್ಳು ಅಣ್ಣ, ಮರ್ತೋಗಿರುತ್ತೆ. ಮೂವತ್ತು ವರ್ಷ ಸರ್ವಿಸ್ ಆದೋರೇ ಅಳತೆ ಮರೀತಾರೆ."

ನಾನು ಮರೆತಿರಲಿಲ್ಲವೆಂದು ಮಂಜುಗೆ ಗೊತ್ತಾಗಿತ್ತು. ಹಿಂದಿನ ಸಂಜೆ ನಾನು ಯಾಕೆ ಬರಲ್ಲ ಎಂದೆನೆಂಬುದೂ ಆ ಕ್ಷಣದಲ್ಲೇ ಗೊತ್ತಾಗಿರಬೇಕು. ಅವಳು ಕಲ್ಲನ್ನು ನನ್ನ ಕೈಗೆ ಕೊಡಲಿಲ್ಲ, ವಾಪಸ್ಸೂ ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯ ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋದಳು. ಮುರಿಯಬಾರದೆಂದು ಮೂರು ಬಸ್ಸಿನಲ್ಲೂ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳೆಂದು ಆಮೇಲೆ ಆಂಟಿ ಅಮ್ಮನಿಗೆ ಹೇಳಿದರು.

ಆಮೇಲೆಯೂ ನಾವು ಮಾತಾಡುತ್ತಿದ್ದೆವು. ಶಾಲೆಗೆ ಒಟ್ಟಿಗೇ ಹೋಗುತ್ತಿದ್ದೆವು. ಶೂಟಿಂಗ್ ಆಟಕ್ಕೆ ಮಾತ್ರ ಅವಳು ಮತ್ತೆ ಕರೆಯಲಿಲ್ಲ. ಯುಗಾದಿ ಕಳೆದ ಮೇಲೆ ಅಂಕಲ್ ಕೆಲಸ ಮಾಡುತ್ತಿದ್ದ ಶೆಡ್ಡು ಬೊಮ್ಮನಹಳ್ಳಿ ಕಡೆಗೆ ಹೋಯಿತು, ಅವರೂ ಸಾಮಾನು ಕಟ್ಟಿದರು. ಟೆಂಪೋ ಹೊರಡುವಾಗ ತಪ್ಪಾಯ್ತು ಎನ್ನಬೇಕೆಂದು ಗೇಟಿನವರೆಗೆ ಹೋದೆ. "ಟಾಟಾ" ಎಂದು ಬಂದೆ.

ಆ ವಠಾರ ಈಗಿಲ್ಲ. ಆ ಜಾಗದಲ್ಲಿ ಐದು ಮಹಡಿಯ ಪಿ.ಜಿ. ಎದ್ದಿದೆ, ಒಂದು ಕೋಣೆಯವರಿಗೆ ಇನ್ನೊಂದು ಕೋಣೆಯವರ ಹೆಸರು ಗೊತ್ತಿಲ್ಲ. ಮಂಗಳವಾರದ ಎಣ್ಣೆಸ್ನಾನದ ವಾಸನೆ ಹೋಗಿ ಎಷ್ಟೋ ಕಾಲವಾಯಿತು. ಕಲ್ಲು ನಮ್ಮ ಟಿವಿ ಮೇಲೆ ಎರಡು ವರ್ಷ ಇದ್ದು, ಬಿಳಿ ಕಾಳುಕಾಳಾಗಿ ಉದುರಿಹೋಯಿತು. ಸ್ಟುಡಿಯೋವನ್ನು ಕಾಲೇಜಿನಲ್ಲಿದ್ದಾಗ ನೋಡಿ ಬಂದೆ, ಟಿಕೆಟ್ ತೆಗೆದುಕೊಂಡು, ಮುಂಬಾಗಿಲಿನಿಂದ. ಅರಮನೆ ಚೆನ್ನಾಗಿತ್ತು. ಯಾವ ಗಳ ಯಾವುದನ್ನು ಹಿಡಿದಿದೆ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಮಂಜುವಿನ ಮೇಲಿನ ಹೊಟ್ಟೆಕಿಚ್ಚು ಅಂದೂ ಹೋಗಲಿಲ್ಲ, ಇಂದೂ ಪೂರ್ತಿ ಹೋಗಿಲ್ಲ.

ಎಲ್ಲಿಗಾದರೂ ಹೊರಡುವ ಮುಂಚೆ ಪಟ್ಟಿ ಬರೆಯುವುದು ನನ್ನ ಅಭ್ಯಾಸ. ಹತ್ತು, ಇಪ್ಪತ್ತು, ಮೂವತ್ತು. ಹೋದ ತಿಂಗಳು ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಕೇಳಿದಳು, "ಹತ್ತತ್ತು ಯಾಕಮ್ಮ?"

"ಯಾರಾದ್ರೂ ಬಿಟ್ಟೋಗಿದ್ರೆ ಮಧ್ಯ ಸೇರ್ಸಕ್ಕೆ."

"ಯಾರನ್ನ ಸೇರಿಸ್ತೀಯ?"

ಪೆನ್ನು ಹಿಡಿದುಕೊಂಡು ಯೋಚಿಸಿದೆ. ಈಗ ನಾವಿರುವ ಅಪಾರ್ಟ್‌ಮೆಂಟಿನ ಮಹಡಿಯಲ್ಲಿ ಆರು ಮನೆಗಳಿವೆ, ಬಾಗಿಲು ತಟ್ಟಿ ಬಾ ಎಂದು ಕರೆಯುವಷ್ಟು ಪರಿಚಯ ಒಂದರದ್ದೂ ಇಲ್ಲ. ಹೊಳೆದದ್ದು ಒಂದೇ ಹೆಸರು. ಅದನ್ನು ಹದಿನೈದರ ಮುಂದೆ ಬರೆದೆ, ಕೆಂಪು ಇಂಕಿನಲ್ಲೇ. ಅವಳ ಮನೆ ಎಲ್ಲಿದೆಯೋ ನನಗೆ ಗೊತ್ತಿಲ್ಲ.