ಹಗ್ಗ ಮುಟ್ಟಿದವರ ಪಾಲು

ಕಾಪುವಿನ ಕಡಲತೀರದಲ್ಲಿ ರೆಸಾರ್ಟ್ ಕಟ್ಟಿದವರೇ, ನೀವು ನಮ್ಮ ಮೀನಿನಲ್ಲಿ ಪಾಲು ತಿಂದಿರಿ. ತಿಂದ ಮೇಲೆ ನಾವು ಬಲೆ ಹೊರುವ ದಾರಿಯನ್ನೇ ಮುಚ್ಚಿದಿರಿ. ಮುಚ್ಚಿದ್ದಕ್ಕೆ ಪರಿಸರ ರಕ್ಷಣೆ ಎಂದು ಫಲಕ ಬರೆಸಿದಿರಿ. ನಿಮಗೆ ಅನುಮತಿ ಕೊಟ್ಟವರೂ, ಕೊಟ್ಟ ಮೇಲೆ ಇತ್ತ ತಿರುಗಿ ನೋಡದವರೂ ಈ ಆರೋಪದಿಂದ ಹೊರಗಿಲ್ಲ. ನಾನು ಬರೆಯುತ್ತಿರುವುದು ಯಾರೋ ಹೇಳಿ ಕೇಳಿದ್ದಲ್ಲ. ನಿಮ್ಮ ಅತಿಥಿಯಾಗಿ ನಿಮ್ಮ ಹಾಸಿಗೆಯಲ್ಲಿ ಮಲಗಿ ಎದ್ದವಳು ನಾನು.

ಎಂ.ಎ. ಮುಗಿಸಿ ಮಣಿಪಾಲದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಮಳೆಗಾಲ ಮುಗಿಯುತ್ತಿದ್ದಂತೆ ಕಚೇರಿಯವರು ನಮ್ಮನ್ನೆಲ್ಲ ಸ್ವಾಸ್ಥ್ಯ ಶಿಬಿರಕ್ಕೆ ಕಳುಹಿಸುವುದಾಗಿ ಪ್ರಕಟಿಸಿದರು. ಸುಸ್ಥಿರ ಐಷಾರಾಮಿ ವಿಹಾರವೆಂಬುದು ಇಂದು ಶೋಕಿಯಲ್ಲ, ದೇಹ ಮನಸ್ಸುಗಳ ಮೂಲಭೂತ ಅಗತ್ಯ ಎಂದು ಕರಪತ್ರದಲ್ಲಿತ್ತು. ಓದಿದಾಗಲೇ ನನಗೆ ಸಂಶಯ ಬಂತು. ಅನ್ನದ ಅಗತ್ಯವನ್ನು ಯಾರೂ ನಮಗೆ ನುಣುಪು ಕಾಗದದಲ್ಲಿ ಅಚ್ಚು ಹಾಕಿಸಿ ವಿವರಿಸುವುದಿಲ್ಲ. ಆದರೆ ದಣಿದಿದ್ದೆ ಎಂಬುದು ನಿಜ. ಪರದೆಯ ಮುಂದೆ ಕುಳಿತು ಕುಳಿತು ಕತ್ತು ತಿರುಗಿಸಲಾರದ ಸ್ಥಿತಿ. ವಿಶ್ರಾಂತಿ ಎಲ್ಲರಿಗೂ ಬೇಕು ಎಂಬುದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ವಿಳಾಸ ನೋಡಿದಾಗ ನಗು ಬಂತು. ನಾನು ಹುಟ್ಟಿದ ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದ ಜಾಗ. ಅದೇ ದಂಡೆಯಲ್ಲಿ ನನ್ನ ತಾಯಿಯ ಅಣ್ಣ ಕೈರಂಪಣಿ ನಡೆಸುತ್ತಾರೆ. ಕೈರಂಪಣಿ ಎಂದರೆ ಸಣ್ಣ ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬಂದು, ಅದರ ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎಳೆಯುವ ಮೀನುಗಾರಿಕೆ. ದೊಡ್ಡ ಬೋಟುಗಳಿಗೆ ಹೋಗಲು ಮೈಯಲ್ಲಿ ಬಲ ಸಾಲದ ಹಿರಿಯರೂ, ಮೀನು ಮಾರುವ ಕೆಲವು ಹೆಂಗಸರೂ ಮಾವನ ಗುಂಪಿನಲ್ಲಿದ್ದಾರೆ. ಅಲ್ಲಿ ಒಂದೇ ಒಂದು ಕಟ್ಟಳೆ: ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲುಂಟು. ಯಾರ ಮನೆಯವರು, ಎಲ್ಲಿಂದ ಬಂದವರು ಎಂದು ಯಾರೂ ಕೇಳುವುದಿಲ್ಲ. ಪಾಲು ಪಡೆದವರು ಕೊನೆಯಲ್ಲಿ ಒದ್ದೆ ಬಲೆಗೆ ಹೆಗಲು ಕೊಟ್ಟು ಅದನ್ನು ಶೆಡ್ಡಿಗೆ ಮುಟ್ಟಿಸಬೇಕು, ಅಷ್ಟೆ.

ರೆಸಾರ್ಟಿನಲ್ಲಿ ಬಿದಿರಿನ ಹಲ್ಲುಜ್ಜುವ ಬ್ರಷ್ಷಿತ್ತು, ಗಾಜಿನ ಬಾಟಲಿಯಲ್ಲಿ ನೀರಿತ್ತು. ಹತ್ತಿರದ ಕಾರ್ಕಳದ ಕಲ್ಲನ್ನೇ ಬಳಸಿ ಭೂಮಿಯ ಮೇಲಿನ ಹೊರೆಯನ್ನು ಇಳಿಸಿದ್ದೇವೆ ಎಂದು ಗೋಡೆಯ ಮೇಲೆ ಬರೆಸಿದ್ದರು. ನನ್ನ ಜೊತೆಗೆ ಬಂದಿದ್ದ ಸಹೋದ್ಯೋಗಿ ಕಾರ್ಕಳದವಳು. ಅವಳು ಗೋಡೆ ತಟ್ಟಿ ನೋಡಿ ಹೇಳಿದಳು: "ನೋಡು ಮಾರಾಯ್ತಿ, ನಮ್ಮ ಊರಿನ ಕಲ್ಲಿಗೂ ರಜೆ ಸಿಕ್ಕಿದೆ. ನಮಗಿಂತ ಮೊದಲೇ ಬಂದು ಕೂತಿದೆ."

ಬೆಳಗ್ಗೆ ಬಿಳಿಯ ಹತ್ತಿ ಅಂಗಿ ತೊಡಿಸಿ ನಮ್ಮನ್ನು ದಂಡೆಗೆ ಕರೆದೊಯ್ದರು. 'ಕರಾವಳಿಯ ಜನರೊಂದಿಗೆ ಬಲೆ ಎಳೆಯುವ ಅನುಭವ' ಅಂದಿನ ಮೊದಲ ಕಾರ್ಯಕ್ರಮ. ಹಗ್ಗದ ತುದಿಯಲ್ಲಿ ಮಾವ ನಿಂತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಂತ ಮಾರಾಯ್ತಿ, ಮನೆಯಿಂದ ಕರೆದರೆ ಪುರುಸೊತ್ತಿಲ್ಲ ಹೇಳ್ತಿ. ಇಲ್ಲಿ ದುಡ್ಡು ಕೊಟ್ಟು ಹಗ್ಗ ಎಳೆಯುದಾ?"

"ದುಡ್ಡು ನನ್ನದಲ್ಲ ಮಾವ, ಆಫೀಸಿನದ್ದು."

"ಹಾಗಾದ್ರೆ ಗಟ್ಟಿ ಎಳೆ. ಆಫೀಸಿನ ದುಡ್ಡು ದಂಡ ಆಗುದು ಬೇಡ."

ಶಿಬಿರದ ತರಬೇತುದಾರರು ಉಸಿರಿನ ಮೇಲೆ ಗಮನವಿಡಿ ಎನ್ನುತ್ತಿದ್ದರು. ಅತಿಥಿಗಳು ಒಂದಷ್ಟು ಹೊತ್ತು ಹಗ್ಗ ಹಿಡಿದರು, ಚಿತ್ರ ತೆಗೆಸಿಕೊಂಡರು, ಎಳನೀರಿಗೆ ಹೋದರು. ಬಲೆ ದಡಕ್ಕೆ ಬಂದಾಗ ಬೂತಾಯಿ ಮೀನು ಮಿರುಗುತ್ತಿತ್ತು. ಮಾವ ಮರಳಿನ ಮೇಲೆ ಪಾಲಿನ ಗುಡ್ಡೆಗಳನ್ನು ಹಾಕಿದರು. ಎಳನೀರು ಕುಡಿಯುತ್ತಿದ್ದವರಿಗೂ ಒಂದೊಂದು ಗುಡ್ಡೆ ಬಿತ್ತು. ಅತಿಥಿಗಳು ಮುಟ್ಟಲಿಲ್ಲ. ರೆಸಾರ್ಟಿನ ಮ್ಯಾನೇಜರರು ಬುಟ್ಟಿ ಹಿಡಿದವರನ್ನು ಕರೆತಂದು, "ನಮ್ಮ ಅತಿಥಿಗಳದ್ದು ನಮ್ಮ ಅಡುಗೆಮನೆಗೆ" ಎಂದು ಎಲ್ಲವನ್ನೂ ತುಂಬಿಸಿಕೊಂಡು ಹೋದರು. ಬಲೆಗೆ ಒಬ್ಬರೂ ಹೆಗಲು ಕೊಡಲಿಲ್ಲ. ಮಧ್ಯಾಹ್ನ ಅದೇ ಮೀನು 'ಸಮುದಾಯದ ಕೊಡುಗೆ' ಎಂಬ ಹೆಸರಿನಲ್ಲಿ ನನ್ನ ತಟ್ಟೆಗೆ ಬಂತು.

ಇದು ದಿನಾ ನಡೆಯುತ್ತದೆಂದು ಸಂಜೆ ಮಾವನ ಮನೆಗೆ ಹೋದಾಗ ತಿಳಿಯಿತು. "ಅವರ ಕೈ ಹೆಚ್ಚಾದಷ್ಟೂ ನಮ್ಮ ಗುಡ್ಡೆ ಸಣ್ಣ ಆಗ್ತದೆ" ಎಂದು ಅತ್ತೆ ಗೊಣಗಿದರು. ನಾನು ಮಾವನ ಮೇಲೆ ರೇಗಿದೆ. ಅತಿಥಿಗಳನ್ನು ಬೇಡವೆನ್ನಿ, ಇಲ್ಲವೇ ಅವರ ಪಾಲನ್ನು ನಿಲ್ಲಿಸಿ ಎಂದೆ.

"ಹಗ್ಗ ಹಿಡಿದವನ ಕೈ ಬಿಡಿಸುದು ಹೇಗೆ? ನನ್ನ ಅಪ್ಪ ಬಿಡಿಸ್ಲಿಲ್ಲ. ನೀನು ಓದಿದವಳು, ಬೇಕಾದ್ರೆ ಅವರ ಹತ್ರ ಮಾತಾಡು. ಪಾಲು ಮಾತ್ರ ಪಾಲೇ."

ಆ ರಾತ್ರಿ ನಿಮ್ಮ ಹಾಸಿಗೆಯಲ್ಲಿ ನನಗೆ ಒಳ್ಳೆಯ ನಿದ್ದೆ ಬಂತು ಎಂಬುದನ್ನೂ ದಾಖಲಿಸುತ್ತೇನೆ. ನನ್ನ ದೂರು ನಿದ್ದೆಯ ಮೇಲಲ್ಲ.

ಕೆಲವು ವಾರಗಳ ಬಳಿಕ ರಜೆಯಲ್ಲಿ ಊರಿಗೆ ಹೋದೆ, ಕಾರ್ಕಳದ ಗೆಳತಿಯೂ ಜೊತೆಗಿದ್ದಳು. ಶೆಡ್ಡಿನಿಂದ ಕಡಲಿಗೆ ಇಳಿಯುವ ದಾರಿಗೆ ಅಡ್ಡವಾಗಿ ಬಿದಿರಿನ ಬೇಲಿ ಎದ್ದಿತ್ತು. ಅದರಾಚೆ ಮರಳಿನಲ್ಲಿ ಹಬ್ಬುವ ಬಳ್ಳಿಗಳನ್ನು ನೆಟ್ಟಿದ್ದರು. 'ಮರಳುದಿಬ್ಬದ ಪುನರುಜ್ಜೀವನ, ಪ್ರವೇಶವಿಲ್ಲ' ಎಂಬ ಫಲಕವಿತ್ತು. ಆ ದಿಬ್ಬದ ನಡುವೆಯೇ ಅತಿಥಿಗಳಿಗಾಗಿ ಮರದ ಹಲಗೆಯ ಕಾಲುದಾರಿ ಇತ್ತು, ಅದಕ್ಕೊಂದು ಬೀಗದ ಗೇಟು. ನಮ್ಮವರು ಇನ್ನು ಡಾಮರು ರಸ್ತೆಗೆ ಬಂದು, ಎಲ್ಲ ಕಂಪೌಂಡುಗಳನ್ನು ದಾಟಿ, ಸುತ್ತಿ ಹೋಗಬೇಕು. ಒದ್ದೆ ಬಲೆಯನ್ನು ಅಷ್ಟು ದೂರ ಹೊರುವುದು ಆ ವಯಸ್ಸಿನವರಿಂದ ಸಾಧ್ಯವೇ? ಆಗಲೇ ಕೆಲವರು ಬರುವುದನ್ನು ಬಿಟ್ಟಿದ್ದರು. ಇನ್ನಷ್ಟು ಮಂದಿ ಬಿಟ್ಟರೆ ಬಲೆ ಇಳಿಯುವುದಿಲ್ಲ, ಮಾವನ ಗುಂಪೂ ಉಳಿಯುವುದಿಲ್ಲ.

ಮಾವ ಗೇಟಿನ ಬಳಿ ಹೋಗಿ ಕೇಳಿದರು. ಮ್ಯಾನೇಜರರು ಬಹಳ ವಿನಯದಿಂದಲೇ ಉತ್ತರಿಸಿದರು.

"ಯಜಮಾನ್ರೇ, ಇದು ಪ್ರಕೃತಿಗೋಸ್ಕರ. ಆಮೆ ಮೊಟ್ಟೆ ಇಡೋ ಜಾಗ. ನೀವು ನಮ್ಮ ಪಾಲುದಾರರು, ಸಹಕರಿಸಬೇಕು."

"ಆಮೆಗೆ ಹಲಗೆಯ ಮೇಲೆ ನಡೆಯುವವರು ಅಡ್ಡ ಇಲ್ವಾ? ನಾವು ಮಾತ್ರವಾ?" ಎಂದರು ಮಾವ. "ಆಯ್ತು, ಪಾಲುದಾರರು ಅಂತ ಹೇಳಿದ್ರಲ್ಲ. ದಿನಾ ಪಾಲು ತೆಗೊಂಡವರು ನೀವು. ಬಲೆಗೆ ಒಂದು ಹೆಗಲು ಕೊಡಿ, ರಸ್ತೆಯಲ್ಲೇ ಹೊರುವ."

ಮ್ಯಾನೇಜರರು ನಕ್ಕುಬಿಟ್ಟರು. ಅದು ತಮಾಷೆಯೆಂದೇ ಅವರು ತಿಳಿದರು.

ಅಂದು ಗೆಳತಿಯೂ ನಾನೂ ಬಲೆಗೆ ಹೆಗಲು ಕೊಟ್ಟೆವು. ಉಪ್ಪುನೀರು ಬೆನ್ನ ಮೇಲೆ ಇಳಿಯುತ್ತಿತ್ತು. "ಶಿಬಿರದಲ್ಲಿ ಇದಕ್ಕೆ ಎಂತ ಹೆಸರು ಇಡ್ತಾರೋ" ಎಂದು ಅವಳು ಏದುಸಿರಿನಲ್ಲೇ ನಗಿಸಿದಳು. ಮರುದಿನ ಬೆಳಗ್ಗೆ ಬಿಳಿ ಅಂಗಿಯವರ ಹೊಸ ತಂಡ ಬಂದು ಹಗ್ಗಕ್ಕೆ ಕೈ ಚಾಚಿತು. ಮಾವ ಹಗ್ಗವನ್ನು ತಮ್ಮ ಕಡೆಗೆ ಎಳೆದುಕೊಂಡು, "ಬೇಡ, ಬಿಡಿ" ಎಂದರು. ಅಷ್ಟೇ ಹೇಳಿದ್ದು. ಆಮೇಲೆ ಅತಿಥಿಗಳ ಮುಖ ನೋಡಲಾರದೆ ಕಡಲಿನ ಕಡೆಗೆ ತಿರುಗಿ ನಿಂತರು. ಅವರ ಅಪ್ಪ ಮಾಡದ ಕೆಲಸವನ್ನು ನೀವು ಅವರಿಂದ ಮಾಡಿಸಿದಿರಿ. ಸ್ಥಳೀಯರು ಅತಿಥಿಗಳಿಗೆ ಅಗೌರವ ತೋರಿದರೆಂದು ನೀವು ಆಡಿಕೊಂಡದ್ದೂ ನಮ್ಮ ಕಿವಿಗೆ ಬಿದ್ದಿದೆ.

ಉಡುಪಿಯ ಕಚೇರಿಯೊಂದರಲ್ಲಿ ವಿಚಾರಿಸಿದೆ. "ಅರ್ಜಿ ಕೊಟ್ಟು ಹೋಗಿ, ನೋಡುವ" ಎಂದರು. ಕೊಟ್ಟಿದ್ದೇನೆ. ನೋಡಿದವರು ಯಾರೆಂದು ಇನ್ನೂ ತಿಳಿದಿಲ್ಲ.

ಆದುದರಿಂದ ರೆಸಾರ್ಟಿನ ಮಾಲಕರಲ್ಲಿಯೂ, ಅನುಮತಿ ನೀಡಿದ ಅಧಿಕಾರಿಗಳಲ್ಲಿಯೂ ನನ್ನ ವಿಧಿವತ್ತಾದ ಕೋರಿಕೆ ಇದು. ಬಲೆ ಹೊರುವ ದಾರಿಯನ್ನು ಮುಚ್ಚಲು ಯಾರು, ಯಾವ ಅಧಿಕಾರದಿಂದ ಒಪ್ಪಿದರು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಆಮೆಗಳ ಹಿತವೇ ನಿಜವಾದ ಕಾರಣವಾಗಿದ್ದರೆ ನಿಮ್ಮ ಹಲಗೆಯ ದಾರಿಗೂ ಅದೇ ನಿಯಮ ಏಕೆ ಅನ್ವಯಿಸಲಿಲ್ಲ ಎಂಬುದಕ್ಕೆ ಉತ್ತರ ಬೇಕು. ಇನ್ನೊಂದು ಮಳೆಗಾಲ ಬರುವ ಮೊದಲು, ದೋಣಿಯೂ ಬಲೆಯೂ ಹಾಯುವಷ್ಟು ಅಗಲಕ್ಕೆ ಬೇಲಿಯನ್ನು ತೆಗೆಸಬೇಕು. ಉತ್ತರವನ್ನು ನನ್ನ ಮಣಿಪಾಲದ ವಿಳಾಸಕ್ಕೆ ಕಳುಹಿಸಿ ಮುಗಿಸಬೇಡಿ. ಬೆಳಗ್ಗೆ ಬಲೆ ಎಳೆಯುವ ಹೊತ್ತಿಗೆ ಆ ದಂಡೆಗೆ ಬಂದು ಮಾವನ ಎದುರಿನಲ್ಲಿ ಓದಿ ಹೇಳಿ. ದಾರಿ ತೆರೆದ ದಿನ ನಿಮ್ಮ ಅತಿಥಿಗಳು ಬಂದು ಹಗ್ಗ ಹಿಡಿಯಲಿ, ಅವರ ಪಾಲನ್ನು ಮಾವನೇ ತೆಗೆದಿಡುತ್ತಾರೆ. ಆದರೆ ಬಲೆಗೆ ಹೆಗಲು ಕೊಡಲು ನಿಮ್ಮವರನ್ನೂ ಕಳುಹಿಸಿ.